ಮುರಳೀಧರ ಭಾವನ ಕೆಂಪು ಟ್ಯಾಗು

ನನ್ನ ಅಕ್ಕನ ಗಂಡ ಮುರಳೀಧರ ಭಾವ ಬದುಕಿನಲ್ಲಿ ಪೂರ್ತಿಯಾಗಿ ನಂಬಿದ್ದು ಎರಡನ್ನೇ: ಒಂದು ಮಂತ್ರಾಲಯದ ರಾಯರು, ಇನ್ನೊಂದು ಕೆಂಪು ಟ್ಯಾಗು. ರಾಯರ ಮೇಲಾದರೂ ಅವರು ಒಂದೆರಡು ಸಲ ಮುನಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಟ್ಯಾಗಿನ ಮೇಲೆ ಎಂದೂ ಇಲ್ಲ.

ಮಣಲಿಯ ಎಣ್ಣೆ ರಿಫೈನರಿಯ ಮೆಂಟೆನೆನ್ಸ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವರು ಅವರು. ಅಲ್ಲಿ ಒಂದು ಪಂಪು ಬಿಚ್ಚಿದರೆ, ಒಂದು ವಾಲ್ವು ಮುಚ್ಚಿದರೆ, ಅದಕ್ಕೊಂದು ಕೆಂಪು ಟ್ಯಾಗು ನೇತುಹಾಕಬೇಕು. ಟ್ಯಾಗಿನ ಮೇಲೆ ಮೂರು ಸಾಲು: ಹೆಸರು, ದಿನಾಂಕ, ಕಾರಣ. ಯಾರು ಹಾಕಿದರೋ ಅವರೇ ತೆಗೆಯಬೇಕು. ಜನರಲ್ ಮ್ಯಾನೇಜರ್ ಬಂದರೂ ಬೆರಳು ತಾಗಿಸುವಂತಿಲ್ಲ. ಒಳಗೆ ಕೈ ಹಾಕಿಕೊಂಡು ಕೂತವನ ಪ್ರಾಣ ಆ ರಟ್ಟಿನ ತುಂಡಿನ ಮೇಲೆ ನಿಂತಿರುತ್ತದೆ ಎಂದು ಭಾವ ಹೇಳುತ್ತಿದ್ದರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಗು ಶುರುವಾದದ್ದು ಅವರು ನಿವೃತ್ತರಾಗಿ, ಒಂದು ಕಟ್ಟು ಖಾಲಿ ಟ್ಯಾಗುಗಳನ್ನು ಅಣ್ಣಾ ನಗರದ ಮನೆಗೆ ತಂದ ದಿನದಿಂದ.

ಆ ಕಟ್ಟಡದ ಮೇಲಿನ ಮನೆ ಅವರದು, ಕೆಳಗಿನದು ನನ್ನದು. ನಾನು ಹರಿದಾಸ, ವಿಮಾ ಕಚೇರಿಯ ನೌಕರ. ಮದುವೆ ಆಗಲಿಲ್ಲ. ಆದ್ದರಿಂದ ಬೇರೆಯವರ ಸಂಸಾರವನ್ನು ಗಮನವಿಟ್ಟು ನೋಡಲು ನನಗೆ ಪುರುಸೊತ್ತಿದೆ. ಊಟ ಮಾತ್ರ ಮೇಲೆ, ಅಕ್ಕನ ಕೈಯದು. ಹಾಗೆ ಊಟಕ್ಕೆ ಹೋದಾಗಲೆಲ್ಲ ಒಂದಲ್ಲ ಒಂದು ಕಡೆ ಟ್ಯಾಗು ತೂಗುತ್ತಿರುತ್ತಿತ್ತು. ಮಿಕ್ಸಿಯ ಕುತ್ತಿಗೆಯಲ್ಲಿ, ಸೋರುವ ನಲ್ಲಿಯಲ್ಲಿ, ಗೀಸರಿನ ಸ್ವಿಚ್ಚಿನಲ್ಲಿ. ಒಂದು ಹಬ್ಬದ ದಿನ ಹುಳಿಯ ಪಾತ್ರೆಗೇ ಟ್ಯಾಗು ಬಿದ್ದಿತ್ತು. ಹೆಸರು: ಮುರಳೀಧರ. ಕಾರಣ: ಉಪ್ಪು ಹಾಕಿದೆ. ಹಿಂದಿನ ಹಬ್ಬದಲ್ಲಿ ಇಬ್ಬರು ಉಪ್ಪು ಹಾಕಿ ಹುಳಿಯನ್ನು ಸಮುದ್ರ ಮಾಡಿದ್ದರಂತೆ. ಅಕ್ಕ ಆ ಟ್ಯಾಗನ್ನು ಸೌಟಿನಿಂದ ತಳ್ಳಿ ಬಡಿಸಿದಳು.

“ನೆನಪನ್ನ ನಂಬಬಾರ್ದು ಹರಿ, ಟ್ಯಾಗ್ ನಂಬಬೇಕು,” ಎನ್ನುತ್ತಿದ್ದರು ಭಾವ. “ಟ್ಯಾಗ್ ಇದ್ರೆ ಕೆಲ್ಸ ಬಾಕಿ. ಟ್ಯಾಗ್ ಇಲ್ಲಾಂದ್ರೆ ಕೆಲ್ಸ ಮುಗ್ದಿದೆ. ಅಷ್ಟೇ.”

ನೆನಪಿನ ಬಗ್ಗೆ ಅವರಿಗೆ ಒಂದು ಭಯವಿತ್ತು. ಅವರ ತಂದೆ ಟ್ರಿಪ್ಲಿಕೇನಿನ ಮನೆಯಲ್ಲಿ ಕೊನೆಯ ಎರಡು ವರ್ಷ ಮಗನನ್ನೇ “ತಾವು ಯಾರು?” ಎಂದು ಕೇಳುತ್ತಿದ್ದರು. ಭಾವ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವಾಗ ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು, ಆದರೆ ನಮಗಿಂತ ಸ್ವಲ್ಪ ಬೇಗ ನಿಲ್ಲಿಸುತ್ತಿದ್ದರು.

ಇಂಥ ಮನುಷ್ಯ ಅರವತ್ತರ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಜೀಪು ಕೊಂಡರು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದ್ದು. ಎತ್ತರ ಎಷ್ಟೆಂದರೆ ಹತ್ತಲು ನಾನು ಮೊದಲು ಉಸಿರು ಬಿಗಿಹಿಡಿಯಬೇಕು. ಭಾನುವಾರ ಬಂತೆಂದರೆ ಸಂಧ್ಯಾವಂದನೆ ಮುಗಿಸಿ, ಗೋಪೀಚಂದನ ಆರುವ ಮೊದಲೇ ಚೆಂಗಲ್ಪಟ್ಟಿನ ಕಡೆ ಹೊರಟುಬಿಡುವರು. ಅಲ್ಲೊಂದು ಕೈಬಿಟ್ಟ ಕಲ್ಲುಕ್ವಾರಿ ಇದೆ. ಪೆರುಂಗುಡಿಯ ಸಾಫ್ಟ್‌ವೇರ್ ಹುಡುಗರ ಒಂದು ಗುಂಪು ತಮ್ಮ ಗಾಡಿಗಳನ್ನು ತಂದು ಬಂಡೆಗಳ ಮೇಲೆ ಹತ್ತಿಸುತ್ತದೆ, ಹಳ್ಳಕ್ಕೆ ಇಳಿಸುತ್ತದೆ. ರಸ್ತೆ ಇರುವ ಊರಿನಲ್ಲಿ ರಸ್ತೆ ಇಲ್ಲದ ಕಡೆ ಹುಡುಕಿಕೊಂಡು ಹೋಗುವುದು ಯಾವ ಸುಖವೋ ನನಗೆ ಗೊತ್ತಿಲ್ಲ. ಭಾವನಿಗೆ ಗೊತ್ತಿತ್ತು. ಕ್ವಾರಿಯಿಂದ ಬಂದ ಭಾನುವಾರ ಸಂಜೆ ಅವರ ಮುಖಕ್ಕೆ ಹತ್ತು ವರ್ಷ ಕಡಿಮೆ ಆಗಿರುತ್ತಿತ್ತು.

ಅಲ್ಲಿ ಅವರು ಮಾಡುವ ಮೊದಲ ಕೆಲಸ ಸ್ವೇ ಬಾರ್ ಕಳಚುವುದು. ಸ್ವೇ ಬಾರ್ ಎಂದರೇನೆಂದು ನನಗೆ ಹೇಳಿಕೊಟ್ಟದ್ದು ಊಟದ ತಟ್ಟೆಯಲ್ಲಿ. ಆಚೆಗೊಂದು ಈಚೆಗೊಂದು ವಡೆ ಇಟ್ಟರು, ಅವು ಮುಂದಿನ ಚಕ್ರಗಳು. ನಡುವೆ ಹುಳಿಯಿಂದ ಎತ್ತಿದ ಒಂದು ನುಗ್ಗೇಕಾಯಿ, ಅದು ಬಾರ್. ಗಾಡಿಯ ಅಡಿಯಲ್ಲಿ ಎಡಗಡೆಯನ್ನೂ ಬಲಗಡೆಯನ್ನೂ ಜೋಡಿಸುವ ಕಬ್ಬಿಣದ ಸರಳು. ರಸ್ತೆಯ ತಿರುವಿನಲ್ಲಿ ಗಾಡಿ ಒಂದು ಮಗ್ಗುಲಿಗೆ ವಾಲಲು ಹೊರಟರೆ ಈ ಸರಳು ಹಿಡಿದು ನಿಲ್ಲಿಸುತ್ತದೆ. ಆದರೆ ಕ್ವಾರಿಯಲ್ಲಿ ಒಂದು ಚಕ್ರ ಬಂಡೆ ಹತ್ತಬೇಕು, ಇನ್ನೊಂದು ಗುಂಡಿಗೆ ಇಳಿಯಬೇಕು. ಆಗ ಅದೇ ಸರಳು ಇಬ್ಬರನ್ನೂ ಅವರ ಪಾಡಿಗೆ ಬಿಡುವುದಿಲ್ಲ. ಒಂದೇ ಹೊದಿಕೆ ಹೊದ್ದ ಗಂಡಹೆಂಡಿರ ಹಾಗೆ, ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಚಳಿ. ಆದ್ದರಿಂದ ಕ್ವಾರಿಯಲ್ಲಿ ಎರಡೂ ಕಡೆಯ ಬೋಲ್ಟು ಬಿಚ್ಚಿ, ಸರಳಿನ ತುದಿಗಳನ್ನು ಮೇಲಕ್ಕೆ ಕಟ್ಟಿಬಿಡುತ್ತಾರೆ. ಚಕ್ರಗಳು ತಮಗೆ ಬೇಕಾದ ಹಾಗೆ ಏರಿಳಿಯುತ್ತವೆ. ಆಟ ಮುಗಿದ ಮೇಲೆ, ರಸ್ತೆಗೆ ಬರುವ ಮೊದಲು, ಮರೆಯದೆ ಮತ್ತೆ ಜೋಡಿಸಬೇಕು.

“ಮರೆತ್ರೆ?” ಎಂದು ಕೇಳಿದೆ.

ಟ್ಯಾಗ್ ಇರುವಾಗ ಮರೆಯುವುದು ಹೇಗೆ ಎಂದರು ಭಾವ. ಬಾರ್ ಕಳಚಿದ ಕೂಡಲೇ ಸ್ಟಿಯರಿಂಗಿಗೆ ಕೆಂಪು ಟ್ಯಾಗು. ಜೋಡಿಸಿದ ಮೇಲೆ ಅವರೇ ತೆಗೆಯುತ್ತಾರೆ. ಅಕ್ಕ ಹಿಂದಿನಿಂದ ಬಂದು, ಚಕ್ರಗಳು ಆರಿಹೋಗುತ್ತಿವೆ, ಮೊದಲು ತಿನ್ನಿ ಎಂದಳು.

ನನ್ನ ಅಕ್ಕ ತುಂಗಾ ಅಣ್ಣಾ ನಗರದ ಒಂದು ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಹೇಳಿಕೊಟ್ಟವಳು. ಅರ್ಧ ಅಂಕ ಕೊಡುವ ಅಭ್ಯಾಸ ಇರಲಿಲ್ಲ. ಜೀಪು ಮನೆಗೆ ಬಂದ ಮೊದಲ ವಾರ ಭಾವನ ಪಕ್ಕ ಕೂತು ಒಂದು ಸುತ್ತು ಹೋದಳು. ಅಣ್ಣಾ ನಗರದ ರೌಂಡಾನ ವೃತ್ತವನ್ನು ಗಾಡಿ ಸುತ್ತುವಷ್ಟರಲ್ಲಿ ಹೊಟ್ಟೆ ತೊಳಸಿ, ಇಳಿದು, ಆಟೋ ಹಿಡಿದು ಮನೆಗೆ ಬಂದಳು. ಆಮೇಲೆ ಮೂರು ವರ್ಷ ಅದರ ಮೆಟ್ಟಿಲಿಗೆ ಕಾಲಿಡಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಮೆಟ್ರೋ. ಗಂಡನಿಗೂ ಮೆಟ್ರೋ ಕಾರ್ಡು ಮಾಡಿಸಿಕೊಟ್ಟಳು. ಜೀಪಿನ ಮಾತು ಬಂದರೆ “ಆ ಒಂಟೆ” ಎನ್ನುವಳು.

ಭಾವನಿಗೆ ಇದೊಂದೇ ಕೊರತೆ. ಕ್ವಾರಿಯ ಹುಡುಗರಲ್ಲಿ ಕೆಲವರು ಹೆಂಡತಿಯರನ್ನು ಕರೆತರುತ್ತಿದ್ದರಂತೆ. ಇಬ್ಬರೂ ಬಂಡೆಯ ಮೇಲೆ ಕೂತು ಡಬ್ಬಿ ಬಿಚ್ಚಿ ತಿನ್ನುತ್ತಿದ್ದರಂತೆ. ಇದನ್ನು ಭಾವ ನನಗೆ ಮೂರು ಸಲ ಹೇಳಿದ್ದರು, ಮೂರು ಸಲವೂ ಯಾವುದೋ ಬೇರೆ ವಿಷಯದ ನಡುವೆ. ಅವರ ಜೀಪಿನಲ್ಲಿ ಎಡಗಡೆ ಸೀಟಿನ ಮೇಲೆ ಟೂಲ್ ಬ್ಯಾಗು ಕೂರುತ್ತಿತ್ತು.

ಕಳೆದ ನವರಾತ್ರಿಯ ಭಾನುವಾರ ಕ್ವಾರಿಯಲ್ಲಿ ಒಂದು ಎಡವಟ್ಟಾಯಿತು. ಆಟ ಮುಗಿಸಿ ಬಾರ್ ಜೋಡಿಸಲು ಹೋದರೆ ಒಂದು ಬೋಲ್ಟಿನ ತಿರುಪು ಸವೆದುಹೋಗಿತ್ತು. ಸರಳನ್ನು ಮೇಲಕ್ಕೆ ಕಟ್ಟಿಕೊಂಡೇ, ಟ್ಯಾಗು ತೂಗಿಸಿಕೊಂಡೇ, ಎಮ್ಮೆಯ ನಡಿಗೆಯಲ್ಲಿ ಗಾಡಿ ಓಡಿಸಿಕೊಂಡು ಬಂದರು. ಸೋಮವಾರ ಹೊಸ ಬೋಲ್ಟು ತಂದು ಟೂಲ್ ಬ್ಯಾಗಿನಲ್ಲಿಟ್ಟರು. ಮನೆ ತುಂಬ ಗೊಂಬೆ ನೋಡಲು ಬರುವ ಹೆಂಗಸರು, ಶನಿವಾರ ಹಾಕಿದರಾಯಿತು ಎಂದುಕೊಂಡರು. ಟ್ಯಾಗು ಸ್ಟಿಯರಿಂಗಿನಲ್ಲಿ ತನ್ನ ಪಾಡಿಗೆ ತೂಗುತ್ತಿತ್ತು.

ಬುಧವಾರ ಆಯುಧಪೂಜೆ. ಭಾವ ಮಠಕ್ಕೆ ಹೋಗಿದ್ದರು. ಗಾಡಿಗಳ ಅಲಂಕಾರ ಅಕ್ಕನ ಪಾಲಿಗೆ ಬಂತು, ಅರಿಸಿನ ಕುಂಕುಮದ ತಟ್ಟೆ ಹಿಡಿಯುವುದು ನನ್ನ ಪಾಲಿಗೆ. ನನ್ನ ಸ್ಕೂಟರಿಗೆ ಒಂದು ಬೊಟ್ಟು, ಒಂದು ಹೂವು. ಜೀಪಿನ ಮುಂದೆ ನಿಂತು ಅಕ್ಕ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಮೆಚ್ಚದಿದ್ದರೂ ಪೂಜೆಯಲ್ಲಿ ಮೋಸ ಮಾಡುವವಳಲ್ಲ. ಬಾನೆಟ್ಟಿಗೆ ಚೆಂಡುಹೂವಿನ ಹಾರ, ಬಾಳೆಕಂದು, ಗಾಜಿಗೆ ಗಂಧ. ಸ್ಟಿಯರಿಂಗಿಗೆ ಹೂವು ಸುತ್ತಲು ಹೋದಾಗ ಟ್ಯಾಗು ಕೈಗೆ ಸಿಕ್ಕಿತು.

ಹಬ್ಬದ ದಿನ ಗಾಡಿಯ ಕೊರಳಿನಲ್ಲಿ ಇದೇನು ದರಿದ್ರ ಎಂದು ಬಿಚ್ಚಿದಳು. ಎಸೆಯಲಿಲ್ಲ. ಅವತ್ತು ಸರಸ್ವತಿ ಪೂಜೆಯೂ ಹೌದಲ್ಲ, ಅಕ್ಷರ ಇರುವ ಯಾವುದನ್ನೂ ಅವತ್ತು ಎಸೆಯುವಂತಿಲ್ಲ, ಓದುವಂತೆಯೂ ಇಲ್ಲ. ಮನೆಯ ಪುಸ್ತಕಗಳೆಲ್ಲ ದೇವರ ಮುಂದೆ ಹೋಗಿ ಕೂರುತ್ತವೆ, ವಿಜಯದಶಮಿಯ ತನಕ ಯಾರೂ ಮುಟ್ಟುವುದಿಲ್ಲ. ಅಕ್ಕ ಆ ಟ್ಯಾಗನ್ನು ಓದದೆಯೇ ಕಣ್ಣಿಗೊತ್ತಿಕೊಂಡು, ಒಳಗೆ ಹೋಗಿ ಭಾಗವತದ ಪುಸ್ತಕದ ಕೆಳಗೆ ಸೇರಿಸಿದಳು. ಹಾಕಿದವರೇ ತೆಗೆಯಬೇಕು ಎಂಬ ಪಾಠವನ್ನು ನಾನು ಎಷ್ಟು ಸಲ ಕೇಳಿಲ್ಲ. ಬಾಯಿ ಬಿಡಬೇಕಿತ್ತು. ಆದರೆ ಅಡುಗೆಮನೆಯಿಂದ ಕಡಲೆ ಉಸಲಿಯ ಒಗ್ಗರಣೆಯ ವಾಸನೆ ಬರುತ್ತಿತ್ತು, ನನ್ನ ಮನಸ್ಸು ಅಲ್ಲಿಗೆ ಹೋಗಿತ್ತು. ತಪ್ಪು ನನ್ನದೂ ಇದೆ.

ಭಾವ ಮಠದಿಂದ ಬಂದು, ಹೂ ಮುಡಿದ ಜೀಪನ್ನು ಕಂಡು ಮದುಮಗನ ಹಾಗೆ ನಾಚಿದರು. ಆ ಮುಖ ನೋಡಿ ಅಕ್ಕನಿಗೆ ಏನನ್ನಿಸಿತೋ, ಸಂಜೆ ಉಸಲಿ ಬಡಿಸುತ್ತಾ ತಾನಾಗಿಯೇ ಅಂದಳು: “ನಾಳೆ ವಿಜಯದಶಮಿ. ತಿರುವಿಡಂದೈ ಪೆರುಮಾಳ್ ಕೋವಿಲಿಗೆ ಹೋಗೋಣ, ನಿಮ್ಮ ಒಂಟೆ ಮೇಲೇ. ಒಂದೇ ಒಂದು ಪರೀಕ್ಷೆ. ಹೋದ ಸಲದ ಹಾಗೆ ಆಡಿದ್ರೆ ಅದನ್ನ ಮಾರಿಬಿಡ್ಬೇಕು. ಅಪ್ಪುರಂ, ಆಮೇಲೆ ಮಾತಿಲ್ಲ.”

ಭಾವ ಒಪ್ಪಿದರು. ಒಪ್ಪುವ ಮುನ್ನ ಕ್ಷಣಮಾತ್ರವೂ ಯೋಚಿಸಲಿಲ್ಲ. ರಸ್ತೆಯ ಮೇಲೆ ತಮ್ಮ ಗಾಡಿ ಹೇಗೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಮೂರು ವರ್ಷ ಕಾದದ್ದು ಈ ಒಂದು ಸವಾರಿಗೆ.

ಮರುದಿನ ಬೆಳಿಗ್ಗೆ ಭಾವ ಮಡಿಯ ರೇಷ್ಮೆ ಮಗುಟ ಉಟ್ಟು, ಜರಿ ಶಲ್ಯ ಹೊದ್ದು ಕೆಳಗೆ ಬಂದರು. ಟೂಲ್ ಬ್ಯಾಗನ್ನು ಎಡಗಡೆ ಸೀಟಿನಿಂದ ಎತ್ತಿ ಹಿಂದಕ್ಕೆ ಹಾಕಿದರು. ಸೀಟನ್ನು ಶಲ್ಯದ ತುದಿಯಿಂದ ಒರೆಸಿದರು. ಆಮೇಲೆ ಸ್ಟಿಯರಿಂಗನ್ನೇ ನೋಡುತ್ತಾ ಒಂದು ನಿಮಿಷ ನಿಂತರು. ಬಾಯಲ್ಲಿ ಏನೋ ಗೊಣಗಿದರು, ಹಣೆ ಉಜ್ಜಿಕೊಂಡರು. ಮಗುಟ ಉಟ್ಟವರು ಗಾಡಿಯ ಕೆಳಗೆ ಬಗ್ಗಿ ನೋಡುವಂತಿರಲಿಲ್ಲ. ಟ್ಯಾಗು ಇಲ್ಲ ಎಂದರೆ ಕೆಲಸ ಮುಗಿದಿದೆ. ಅವರು ಹತ್ತಿ ಕೂತರು.

ಅಕ್ಕ ಎಡಗಡೆ ಕೂತಳು. ಹಿಂದೆ ನಾನು ಮತ್ತು ಅವರ ಮಗಳು ಮಾನ್ಯಾ. ಅವಳಿಗೆ ಪೆರುಂಗುಡಿಯಲ್ಲಿ ಕೆಲಸ, ಅವತ್ತು ರಜೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ವಡಪಳನಿಯ ತನಕ ನೇರ ರಸ್ತೆ, ಹಬ್ಬದ ಬೆಳಗಿನ ಖಾಲಿ ರಸ್ತೆ. ಗಾಡಿ ಚೆನ್ನಾಗಿಯೇ ಹೋಯಿತು. ಅಕ್ಕ ಕಿಟಕಿಯಾಚೆ ನೋಡುತ್ತಾ, ಇಲ್ಲಿಂದ ಊರು ಬೇರೆಯೇ ಕಾಣುತ್ತದೆ ಎಂದಳು. ಭಾವನ ಕತ್ತು ಸ್ವಲ್ಪ ಉದ್ದವಾಯಿತು.

ಕತ್ತಿಪಾರಾ ಮೇಲ್ಸೇತುವೆ ಬಂತು. ಗಿಂಡಿಯ ಕಡೆಗೆ ಎಡಕ್ಕೆ ಇಳಿಯುವ ತಿರುವಿನಲ್ಲಿ ಗಾಡಿ ಬಲಕ್ಕೆ ವಾಲಿತು. ವಾಲಿತು ಎಂದರೆ ಸಾಲದು, ಮಲಗಲು ಜಾಗ ಹುಡುಕಿತು. ಅಕ್ಕ ಸೀಟಿನಿಂದ ಜಾರಿ ಭಾವನ ಭುಜದ ಮೇಲೆ ಬಿದ್ದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಮುಂದೆ ಅವರ ಪಕ್ಕ ಒಂದು ಮೊಳ ಬಿಟ್ಟೇ ಕೂತವಳು. ಭಾವನ ಮುಖದಲ್ಲಿ ಮೊದಲು ಸಂತೋಷ ಕಂಡಿತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಮುಂದಿನ ತಿರುವಿನಲ್ಲಿ ನನ್ನ ತಲೆ ಕಿಟಕಿಗೆ ಬಡಿಯಿತು. ನೈವೇದ್ಯದ ಡಬ್ಬಿ ಮಾನ್ಯಾಳ ಮಡಿಲಿನಿಂದ ನನ್ನ ಮಡಿಲಿಗೆ ಬಂತು.

“ಅಪ್ಪಾ, ವಂಡಿ ಒರು ಮಾದಿರಿ ಆಡುದು,” ಎಂದಳು ಮಾನ್ಯಾ. ಗಾಡಿ ಒಂಥರಾ ಆಡುತ್ತಿದೆ ಎನ್ನಲು ತಮಿಳೂ ಬೇಕಿರಲಿಲ್ಲ.

ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಎರಡೂ ಕೈಯಿಂದ ಹಿಡಿಕೆ ಹಿಡಿದು, ಕಣ್ಣು ಮುಚ್ಚಿ ಕೂತಳು. ಪರೀಕ್ಷೆಯ ಕೊಠಡಿಯಲ್ಲಿ ಮೇಷ್ಟ್ರು ಮಾತಾಡಬಾರದಲ್ಲ. ಭಾವ ವೇಗ ಇಳಿಸಿ, ರಸ್ತೆಯ ಎಡ ಅಂಚು ಹಿಡಿದು, ಪೆರುಂಗುಡಿಯ ತನಕ ಹೇಗೋ ತಂದರು. ಮಾನ್ಯಾಳ ಆಫೀಸಿನ ಗೇಟು ಕಂಡಿತು. ಅವಳು ಕಾವಲುಗಾರನಿಗೆ ಹೇಳಿ ಒಳಗೆ ಬಿಡಿಸಿದಳು. ರಜೆಯ ದಿನ, ಒಂದೂ ಗಾಡಿಯಿಲ್ಲದ ಚಪ್ಪಟೆ ಕಾಂಕ್ರೀಟು ನೆಲ.

ಭಾವ ಶಲ್ಯ ತೆಗೆದು ಮಾನ್ಯಾಳ ಕೈಗೆ ಕೊಟ್ಟು, ಮಗುಟವನ್ನು ಮೇಲೆ ಕಟ್ಟಿ, ಮಡಿಯನ್ನು ಪೆರುಮಾಳಿಗೇ ಬಿಟ್ಟು ಗಾಡಿಯ ಮುಂದೆ ಮಂಡಿಯೂರಿ ಬಗ್ಗಿದರು. ಬಗ್ಗಿದವರು ಏಳಲು ಬಹಳ ಹೊತ್ತು ಹಿಡಿಯಿತು. ಎದ್ದಾಗ ಮುಖದಲ್ಲಿ ರಕ್ತವಿರಲಿಲ್ಲ.

“ಬಾರ್ ಜೋಡಿಸೇ ಇಲ್ಲ,” ಎಂದರು. “ಕಟ್ಟಿದ ಹಗ್ಗ ಹಾಗೇ ಇದೆ. ಟ್ಯಾಗ್ ಇರ್ಲಿಲ್ವಲ್ಲ, ನಾನೇ ಕೆಲ್ಸ ಮುಗಿಸಿ ತೆಗ್ದಿರ್ಬೇಕು ಅಂದ್ಕೊಂಡೆ. ಯಾವಾಗ ತೆಗ್ದೆ ಅಂತ ಬೆಳಿಗ್ಗೆಯಿಂದ ಯೋಚ್ನೆ ಮಾಡ್ತಿದೀನಿ, ನೆನಪೇ ಬರ್ತಿಲ್ಲ.”

ಕೈಯ ಧೂಳು ಕೊಡವಿಕೊಂಡು ಅಕ್ಕನ ಕಡೆ ತಿರುಗಿದರು.

“ನೀನು ಹೇಳಿದ್ದು ಸರಿ ತುಂಗಾ. ಮಾರಿಬಿಡೋಣ. ಬೋಲ್ಟ್ ಹಾಕಿದೀನೋ ಇಲ್ವೋ ಅನ್ನೋದೇ ಗೊತ್ತಿಲ್ದೇ ಇರೋನು ಗಾಡಿ ಓಡಿಸ್ಬಾರ್ದು. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು.”

ಆಗ ತಾನೇ ನನಗೆ ಟ್ಯಾಗು, ಭಾಗವತ, ಉಸಲಿ, ಎಲ್ಲವೂ ಒಟ್ಟಿಗೆ ನೆನಪಾದವು. ಅಕ್ಕನ ಕಡೆ ನೋಡಿದೆ. ಅವಳಿಗೂ ನೆನಪಾಗಿತ್ತು, ಮುಖ ಹೇಳುತ್ತಿತ್ತು. ಅಕ್ಕ ಸುಮ್ಮನಿದ್ದರೆ ಸಾಕಿತ್ತು. ಪರೀಕ್ಷೆಯಲ್ಲಿ ಒಂಟೆ ಸೋತಿದೆ, ಮಾರುತ್ತೇನೆಂದು ಗಂಡನೇ ಬಾಯಿಬಿಟ್ಟು ಹೇಳಿದ್ದಾಯಿತು. ಮೂರು ವರ್ಷದಿಂದ ಅವಳು ಬಯಸಿದ್ದು ಅಷ್ಟೇ. ಮನೆಗೆ ಹೋಗಿ ಭಾಗವತದ ಕೆಳಗಿಂದ ಆ ರಟ್ಟನ್ನು ತೆಗೆದು ಒಲೆಗೆ ಹಾಕಿದರೆ ಕೇಳುವವರಿಲ್ಲ, ನಾನಂತೂ ಅನ್ನದ ಋಣಕ್ಕೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಅಕ್ಕ ಒಂದು ಉಸಿರಿನಷ್ಟು ಹೊತ್ತೂ ಕಾಯಲಿಲ್ಲ.

“ಟ್ಯಾಗ್ ನಾನು ತೆಗ್ದಿದ್ದು ರೀ. ನಿನ್ನೆ, ಪೂಜೆಗೆ. ಬರ್ದಿರೋ ಕಾಗ್ದ ಅಂತ ಸರಸ್ವತಿ ಮುಂದೆ ಇಟ್ಟಿದೀನಿ, ಭಾಗವತದ ಕೆಳ್ಗೆ. ಹರಿ ನೋಡಿದಾನೆ, ಬೇಕಾದ್ರೆ ಕೇಳಿ. ನೀವೇನೂ ಮರ್ತಿಲ್ಲ.”

ಭಾವ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ. ನಿಜವಾ ಎಂದು ಅಕ್ಕನನ್ನು ಕೇಳಿದರು, ಅವಳು ಹೌದೆಂದ ಮೇಲೆ ಮತ್ತೊಮ್ಮೆ ಕೇಳಿದರು. ಆಮೇಲೆ ಜೀಪಿನ ಬಾನೆಟ್ಟಿಗೆ ಒರಗಿ, ಚೆಂಡುಹೂವಿನ ಹಾರದ ಮೇಲೆ ಕೈಯಿಟ್ಟುಕೊಂಡು ನಿಂತರು. ಕಣ್ಣು ಒದ್ದೆಯಾಗಿತ್ತು. ಈ ಮನುಷ್ಯನ ಕನ್ನಡಕದ ಹುಡುಕಾಟಕ್ಕೆ ನಾವು ಎಷ್ಟು ವರ್ಷ ನಕ್ಕಿದ್ದೇವೆ ಎಂದು ನನಗೆ ನಾಚಿಕೆಯಾಯಿತು.

ಸಮಾಧಾನವಾದ ಮೇಲೆ ಅವರ ಒಳಗಿನ ರಿಫೈನರಿ ಎದ್ದಿತು. ಹಾಕಿದವರೇ ತೆಗೆಯಬೇಕೆಂದು ಎಷ್ಟು ಸಲ ಹೇಳಿಲ್ಲ ಎಂದು ಅಕ್ಕನಿಗೆ ಗದರಿದರು. ಅಷ್ಟು ಸಂತೋಷದಿಂದ ಒಬ್ಬರು ಗದರಿದ್ದನ್ನು ನಾನು ಕೇಳಿಲ್ಲ. ಅಕ್ಕನೂ ಅಷ್ಟೇ ಸಂತೋಷದಿಂದ ಬೈಸಿಕೊಂಡಳು.

ಬೋಲ್ಟು ಇತ್ತು, ಸ್ಪ್ಯಾನರ್ ಇತ್ತು, ಚಪ್ಪಟೆ ನೆಲವಿತ್ತು. ಆದರೆ ಭಾವ ಗಾಡಿಯ ಕೆಳಗೆ ಹೋಗಲು ಒಪ್ಪಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದರು, ಚಕ್ರಗಳಿಗೆ ಕಲ್ಲು ಕೊಡಿಸಿದರು, ಆಮೇಲೂ ನಿಂತರು. ಟ್ಯಾಗು ಇಲ್ಲದೆ ಮೂವತ್ತೊಂದು ವರ್ಷದಲ್ಲಿ ಯಾವುದರ ಕೆಳಗೂ ಹೋದವರಲ್ಲ. ಅಕ್ಕ ನಿಟ್ಟುಸಿರು ಬಿಟ್ಟು, ನೈವೇದ್ಯಕ್ಕೆ ತಂದಿದ್ದ ಸಿಹಿಯ ಡಬ್ಬಿಯ ರಟ್ಟಿನ ಮುಚ್ಚಳ ಹರಿದಳು. ಕೈಚೀಲದಿಂದ ಕೆಂಪು ಪೆನ್ನು ತೆಗೆದಳು. ವಿಜಯದಶಮಿ, ಇವತ್ತು ಬರೆಯಬಹುದು. ಕಪ್ಪು ಹಲಗೆಯ ಮೇಲೆ ಬರೆಯುವ ದುಂಡಗಿನ ಅಕ್ಷರದಲ್ಲಿ ಬರೆದಳು. ಹೆಸರು: ತುಂಗಾ ಮುರಳೀಧರ. ದಿನಾಂಕ ಹಾಕಿದಳು. ಕಾರಣ: ನಮ್ಮ ಯಜಮಾನರು ಗಾಡಿ ಕೆಳಗೆ ಇದ್ದಾರೆ. ಹಾರದಿಂದ ಒಂದು ದಾರ ಕಿತ್ತು ಸ್ಟಿಯರಿಂಗಿಗೆ ಕಟ್ಟಿದಳು.

ಭಾವ ಅದನ್ನು ಎರಡು ಸಲ ಓದಿದರು. ಆಮೇಲೆ ಕಾವಲುಗಾರ ಕೊಟ್ಟ ಹಳೇ ಪೇಪರ್ ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿದರು.

ಬಲಗಡೆಯ ಬೋಲ್ಟು ಸುಲಭವಾಗಿ ಕೂತಿತು. ಎಡಗಡೆಯದು ಕೂರಲಿಲ್ಲ. ತೂತಿಗೂ ತೂತಿಗೂ ಒಂದು ಬೆರಳಿನಷ್ಟು ಅಂತರ. ಗಾಡಿಯ ಎಡ ಮೂಲೆ ಸ್ವಲ್ಪ ಕೆಳಗೆ ಬರಬೇಕು, ಯಾರಾದರೂ ಬಂಪರಿನ ಮೇಲೆ ನಿಲ್ಲಿ ಎಂದು ಕೆಳಗಿನಿಂದ ಕೂಗಿದರು. ನಾನು ಹತ್ತಿ ನಿಂತೆ. ಏನೂ ಆಗಲಿಲ್ಲ. ನನ್ನ ತೂಕ ಐವತ್ತೊಂದು ಕಿಲೋ. ಮಾನ್ಯಾಳೂ ಹತ್ತಿದಳು, ಅವಳು ನನಗಿಂತ ಕಡಿಮೆ. ಅರ್ಧ ಬೆರಳು ಇಳಿದಿದೆ, ಇನ್ನೂ ಬೇಕು ಎಂದು ಕೆಳಗಿನಿಂದ ದನಿ ಬಂತು.

ನಾನು ಅಕ್ಕನ ಕಡೆ ನೋಡಲಿಲ್ಲ. ನಮ್ಮ ಮನೆಯಲ್ಲಿ ಅಕ್ಕನ ತೂಕದ ಬಗ್ಗೆ ಯಾರೂ ಮಾತಾಡುವುದಿಲ್ಲ, ಬಾಯಿಗೆ ಬೀಗ ಹಾಕಿಕೊಂಡು ಬದುಕಿದವರು ನಾವು. ಮಾನ್ಯಾ ಮೋಡ ನೋಡಿದಳು. ಭಾವ ಗಾಡಿಯ ಕೆಳಗೆ ಇದ್ದುದರಿಂದ ಬಚಾವಾದರು.

“ಇಳೀರಿ ಇಬ್ರೂ,” ಎಂದಳು ಅಕ್ಕ.

ಚಪ್ಪಲಿ ಬಿಟ್ಟಳು. ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈ ನನ್ನ ಭುಜಕ್ಕೆ ಕೊಟ್ಟು ಬಂಪರಿನ ಎಡ ಮೂಲೆಗೆ ಹತ್ತಿದಳು. ಒಂಟೆ ತಲೆ ಬಾಗಿಸಿತು. ಅಕ್ಕ ಹಾರ ಹಾಕಿದ ಬಾನೆಟ್ಟನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತಳು.

“ಇನ್ನೂ ಸ್ವಲ್ಪ ತುಂಗಾ,” ಎಂದು ಕೆಳಗಿನಿಂದ ಭಾವನ ದನಿ ಬಂತು. “ಹಾಂ. ಹಾಗೇ ಇರು. ಅಲ್ಲಾಡ್ಬೇಡ.”

ಅವಳು ಉಸಿರೂ ಬಿಡಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಕೂತ ಸದ್ದು ಕೇಳಿತು. ಬೋಲ್ಟು ಒಳಗೆ ಹೋಗಿತ್ತು.

ಭಾವ ಹೊರಗೆ ಬಂದರು. ಮಗುಟದ ಮೇಲೆ ಗ್ರೀಸು, ಗೋಪೀಚಂದನದ ಪಕ್ಕದಲ್ಲೂ ಗ್ರೀಸು. ಅಭ್ಯಾಸಬಲದಿಂದ ಸ್ಟಿಯರಿಂಗಿನ ಕಡೆ ಕೈ ಚಾಚಿದರು. ಟ್ಯಾಗನ್ನು ಇನ್ನೇನು ಮುಟ್ಟಬೇಕು, ಅದರ ಮೇಲಿನ ಹೆಸರು ಕಂಡು ಕೈ ಹಿಂದಕ್ಕೆ ತೆಗೆದುಕೊಂಡು ಪಕ್ಕಕ್ಕೆ ಸರಿದು ನಿಂತರು. ಅಕ್ಕ ಬಂಪರಿನಿಂದ ಇಳಿದು, ನೆರಿಗೆ ಸರಿಮಾಡಿಕೊಂಡು, ನಿಧಾನವಾಗಿ ಬಂದು ಅದನ್ನು ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡಳು.

ಹಾಗಾದರೆ ಪರೀಕ್ಷೆಯ ಗತಿಯೇನು ಎಂದು ಭಾವ ಕೇಳಿದರು. ವಾಲಿದ್ದಂತೂ ವಾಲಿದೆ, ಕೊಟ್ಟ ಮಾತು ಮಾತೇ ಎಂದರು.

“ಪ್ರಶ್ನೆಪತ್ರಿಕೆನೇ ತಪ್ಪು,” ಎಂದಳು ಅಕ್ಕ. “ಪರೀಕ್ಷೆ ರದ್ದು. ಮತ್ತೆ ನಡೆಸ್ಬೇಕು.”

ಪೆರುಂಗುಡಿಯಿಂದ ಸಮುದ್ರದ ಬದಿಯ ರಸ್ತೆ ಹಿಡಿದು ತಿರುವಿಡಂದೈಗೆ ಹೋದೆವು. ಜೀಪು ತಿರುವುಗಳಲ್ಲಿ ಮರ್ಯಾದಸ್ಥರ ಹಾಗೆ ನಡೆದುಕೊಂಡಿತು. ಅಕ್ಕ ಹಿಡಿಕೆ ಬಿಟ್ಟಳು. ಸ್ವಲ್ಪ ದೂರ ಹೋದ ಮೇಲೆ ಕಿಟಕಿ ಇಳಿಸಿದಳು. ಆಮೇಲೆ, ಕ್ವಾರಿಯಲ್ಲಿ ಆ ಸರಳು ಬಿಚ್ಚಿದಾಗ ಒಂದು ಚಕ್ರ ಎಷ್ಟು ಡಿಗ್ರಿ ಮೇಲೆ ಹೋಗುತ್ತದೆ ಎಂದು ಕೇಳಿದಳು. ಭಾವ ಉತ್ತರಿಸಲು ಶುರುಮಾಡಿದವರು ಕೋವಿಲಿನ ಬಾಗಿಲಲ್ಲೂ ನಿಲ್ಲಿಸಲಿಲ್ಲ.

ಮಧ್ಯಾಹ್ನ ಮನೆಗೆ ಬಂದು ಗಾಡಿ ನಿಲ್ಲಿಸಿದ ಮೇಲೆ ಅಕ್ಕ ಇಳಿಯಲಿಲ್ಲ. ಕೈಚೀಲದಿಂದ ಸಿಹಿ ಡಬ್ಬಿಯ ಆ ರಟ್ಟನ್ನು ತೆಗೆದು, ಯಜಮಾನರ ವಿಷಯವನ್ನು ಹೊಡೆದುಹಾಕಿ, ಕಾರಣದ ಮುಂದೆ ಬೇರೆ ಬರೆದಳು: ಮರುಪರೀಕ್ಷೆ ಬಾಕಿ ಇದೆ. ಅದನ್ನು ಸ್ಟಿಯರಿಂಗಿಗೆ ಕಟ್ಟಿ, ಗಂಟು ಬಿಗಿಮಾಡಿ, ಮೇಲೆ ಹೋದಳು.

ಭಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅವರ ಕಾಯ್ದೆ ಅವರಿಗೇ ಗೊತ್ತಲ್ಲ. ಟ್ಯಾಗು ಇರುವ ತನಕ ಗಾಡಿ ಕದಲುವಂತಿಲ್ಲ, ಅದನ್ನು ಬೇರೆ ಯಾರೂ ತೆಗೆಯುವಂತಿಲ್ಲ.

ಈಗ ಭಾನುವಾರ ಬೆಳಿಗ್ಗೆ ಭಾವ ಕೀಲಿ ಹಿಡಿದು ಜೀಪಿನ ಪಕ್ಕ ಕಾಯುತ್ತಾ ನಿಲ್ಲುತ್ತಾರೆ. ಅಕ್ಕ ಹುಳಿಯನ್ನದ ಡಬ್ಬಿ ಹಿಡಿದು ಮೆಟ್ಟಿಲಿಳಿದು ಬರುತ್ತಾಳೆ. ಟ್ಯಾಗು ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ಎಡಗಡೆ ಸೀಟಿಗೆ ಹತ್ತುತ್ತಾಳೆ. ಕ್ವಾರಿಯಲ್ಲಿ ಬಾರ್ ಜೋಡಿಸುವ ಹೊತ್ತಿಗೆ ಬಂಪರಿನ ಮೇಲೆ ಅವಳೇ ನಿಲ್ಲುತ್ತಾಳಂತೆ. ಸಂಜೆ ಬಂದು ಮತ್ತೆ ಟ್ಯಾಗು ಕಟ್ಟುತ್ತಾಳೆ. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಫಲಿತಾಂಶ ಯಾವಾಗ ಎಂದು ನಾನೊಮ್ಮೆ ಭಾವನನ್ನು ಕೇಳಿದೆ. ಮೆಲ್ಲಗೆ ಮಾತಾಡು ಹರಿ, ಅವಳಿಗೆ ನೆನಪು ಮಾಡಬೇಡ ಎಂದರು.